ಖೋ ಖೋ ಕಾಲಿಗೆ ಫುಟ್‌ಬಾಲ್ ಬೂಟು

ಖಾನಾಪುರ ಕಡೆಯ ಬಸ್ಸು ಮೂರನೇ ಗೇಟ್ ದಾಟಿ ಬೆಳಗಾವಿಯ ಆರ್‌ಪಿಡಿ ಕ್ರಾಸ್ ಮುಟ್ಟುವ ಹೊತ್ತಿಗೆ ಅರ್ಧ ಖಾಲಿ. ಕಾರ್ಖಾನೆಯವರು ಉದ್ಯಮಬಾಗದಲ್ಲೇ ಇಳಿದಿರುತ್ತಾರೆ. ಉಳಿದವರು ಕಾಲೇಜಿನವರು. ಮಳೆಗಾಲದಲ್ಲಿ ಅವರಲ್ಲಿ ಒಬ್ಬಿಬ್ಬರ ಬೆನ್ನಚೀಲಕ್ಕೆ ಬೂಟಿನ ಜೋಡಿ ಲೇಸಿನಲ್ಲೇ ನೇತುಬಿದ್ದಿರುತ್ತದೆ. ಸ್ಟಡ್‌ಗಳ ಸಂದಿಯ ಕೆಂಪು ಮಣ್ಣು ಪಕ್ಕದವರ ಪ್ಯಾಂಟಿಗೆ ತಾಗಿ ಬೈಗುಳವೂ ಬೀಳುತ್ತದೆ.

ಈ ಬೂಟು ಕಾಲೇಜಿಗೆ ಬಂದ ಮೇಲಿನದು. ಹೈಸ್ಕೂಲಿನ ತನಕ ಬರಿಗಾಲು, ಖೋ ಖೋ ಕಂಬ, ಕಬಡ್ಡಿಯ ಗೆರೆ. ಹಳ್ಳಿಯ ಶಾಲೆಯಲ್ಲಿ ಪಿ.ಟಿ. ಮಾಸ್ತರರು ಒಬ್ಬರೇ, ಓಡಬಲ್ಲ ಹುಡುಗರೂ ಬೆರಳೆಣಿಕೆ. ತಾಲ್ಲೂಕು ಕ್ರೀಡಾಕೂಟದಲ್ಲಿ ಬೆಳಿಗ್ಗೆ ಖೋ ಖೋ ಆಡಿದವನೇ ಮಧ್ಯಾಹ್ನ 400 ಮೀಟರ್ ಓಡಬೇಕು, ಸಂಜೆ ರಿಲೇಯ ಕೋಲು ಹಿಡಿಯಬೇಕು. ಸುಸ್ತಾಯಿತೆಂದರೆ, ‘ನೀನ ಓಡಲೇ, ಇನ್ಯಾರದಾರ?’ ಬಹುಕ್ರೀಡಾಪಟು ಎನ್ನುವ ದೊಡ್ಡ ಹೆಸರು ಅವನಿಗೆ ಯಾರೂ ಕೊಟ್ಟಿಲ್ಲ. ಆಳು ಸಾಲದ ಊರಿನಲ್ಲಿ ಅವನು ಹಾಗೆ ಆದ, ಅಷ್ಟೇ. ಭೀಮಗಡದ ಕಾಡಿನಂಚಿನ ಮಕ್ಕಳು ಶಾಲೆಗೆ ನಡೆದು ನಡೆದೇ ಗಟ್ಟಿಯಾದರು ಎಂದು ಹೊಗಳುವವರೂ ಇದ್ದಾರೆ. ಆ ದಾರಿಗೆ ಒಂದು ಬಸ್ಸು ಬಿಡಿಸಲಿ, ಆಮೇಲೆ ಹೊಗಳಲಿ.

ಪೇಟೆಯ ಫುಟ್‌ಬಾಲಿನ ಬೇರು ಬೇರೆಯೇ. ಕ್ಯಾಂಪಿನಲ್ಲಿ ದಂಡು, 1856ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಹೈಸ್ಕೂಲು, ಘಟ್ಟ ಇಳಿದರೆ ಗೋವಾ. ಫಾದರ್ ಎಡ್ಡಿ ಸ್ಮಾರಕ ಪಂದ್ಯಾವಳಿಗೆ ಶಾಲಾ ತಂಡಗಳು ಕೆಸರಿಗಿಳಿದಾಗ ಆವರಣದ ಗೋಡೆಯ ಪಕ್ಕ ಕೊಡೆಗಳ ಸಾಲು. ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲದರಲ್ಲೂ ರೆಫರಿಗೆ ಬುದ್ಧಿವಾದ. ಇಲ್ಲಿ ಆಡಿ ಬೆಳೆದವನ ಕಾಲಿಗೆ ಚೆಂಡು ಬಂದರೆ ಅಲ್ಲೇ ನಿಲ್ಲುತ್ತದೆ. ಖಾನಾಪುರದವನ ಕಾಲಿಗೆ ಬಂದರೆ ಮೂರು ಮಾರು ಆಚೆ ಪುಟಿಯುತ್ತದೆ.

ಆದರೆ ಪುಟಿದ ಚೆಂಡನ್ನು ಮತ್ತೆ ಮುಟ್ಟುವವನೂ ಅವನೇ. ಟಿಳಕವಾಡಿಯ ಲೇಲೆ ಮೈದಾನದಲ್ಲಿ ಸಂಜೆಯ ಆಟವನ್ನು ತುಸು ಹೊತ್ತು ನೋಡಿದರೆ ಸಾಕು, ಹಳೆಯ ಆಟ ಹೊಸ ಬೂಟಿನೊಳಗೆ ಆಡುವುದು ಕಾಣುತ್ತದೆ. ಖೋ ಖೋದಲ್ಲಿ ಅಟ್ಟಿಸಿಕೊಂಡು ಬರುವವನು ಹಿಡಿದ ದಿಕ್ಕು ಬಿಟ್ಟು ತಿರುಗುವಂತಿಲ್ಲ, ಕುಳಿತವರ ನಡುವೆ ನುಸುಳುವಂತಿಲ್ಲ. ಓಡುವವನಿಗೆ ಆ ಕಟ್ಟು ಇಲ್ಲ. ಹಾಗಾಗಿ ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ ಎಂದು ನೋಡಿ ಮತ್ತೊಂದು ಪಕ್ಕಕ್ಕೆ ಜಾರುವುದು ಅವನಿಗೆ ಅಭ್ಯಾಸವಾಗಿದೆ. ಎಡಬದಿಯ ಗೆರೆಯಗುಂಟ ಅವನು ಹಾಗೆ ಜಾರಿದಾಗ ಡಿಫೆಂಡರ್ ಗಾಳಿಗೆ ಒದೆಯುತ್ತಾನೆ. ಕಬಡ್ಡಿಯ ರೂಢಿ ಮಾತ್ರ ಇಲ್ಲಿ ದುಬಾರಿ: ಕೈ ತಾನಾಗಿ ಎದುರಾಳಿಯ ಸೊಂಟಕ್ಕೆ ಹೋಗುತ್ತದೆ, ಸೀಟಿ ಕೇಳುತ್ತದೆ.

ಒಂದು ಆಟದ ಮೈ ಇನ್ನೊಂದಕ್ಕೆ ಒದಗಿದ ದೊಡ್ಡ ಉದಾಹರಣೆ ಈ ಸೀಮೆಯಲ್ಲೇ ಇದೆ. ತುರಮುರಿಯ ಮಲಪ್ರಭಾ ಜಾಧವ್ ಜೂಡೊ ಕಲಿತವರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಕುರಾಶ್ ಕುಸ್ತಿ ಮೊದಲ ಸಲ ಸೇರಿದಾಗ 52 ಕೆ.ಜಿ. ವಿಭಾಗದಲ್ಲಿ ಕಂಚು ತಂದರು. ಜೂಡೊದಲ್ಲಿ ನೆಲದ ಮೇಲೂ ಹಿಡಿತ ನಡೆಯುತ್ತದೆ. ಕುರಾಶ್‌ನಲ್ಲಿ ನಿಂತೇ ಕೆಡವಬೇಕು.

ಕಾಲೇಜಿನ ಕೋಚ್‌ಗಳಿಗೆ ಇಂಥ ಬೆರಕೆ ಆಟ ಹಿಡಿಸದು. ‘ಒಂದ ಆಟ ಹಿಡಿ’ ಎನ್ನುತ್ತಾರೆ. ಹದಿನೆಂಟಕ್ಕೇ ಹೀಗೆ ಬೇಲಿ ಹಾಕುವುದು ನನಗೆ ಸರಿಕಾಣದು. ಮನೆಯವರ ಲೆಕ್ಕವಂತೂ ಬೇರೆಯೇ. ಮರಾಠಾ ಲಘು ಪದಾತಿದಳದ ಕೇಂದ್ರ ಇರುವ ಊರು ಇದು. ಸೇನಾ ಭರ್ತಿಯ ರ್ಯಾಲಿಯಲ್ಲಿ 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ ಅಂಕ. ಅದಕ್ಕೆಂದೇ ಹುಡುಗ ನಸುಕಿನಲ್ಲಿ ಓಡುತ್ತಾನೆ, ಸಂಜೆ ಮೈದಾನದಲ್ಲಿ ಏದುಸಿರು ಬಿಡುತ್ತಾನೆ. ಸಿಟ್ಟಾದ ಕೋಚ್ ಅವನನ್ನು ಬೆಂಚಿಗೆ ಕೂರಿಸುತ್ತಾರೆ. ಅಂತರ ಕಾಲೇಜು ಪಂದ್ಯ ಹತ್ತಿರವಾದಾಗ ಎಡಬದಿಯ ಓಟಕ್ಕೆ ಬೇರೆ ಯಾರೂ ಸಿಗದೆ ಅವರೇ ಫೋನ್ ಮಾಡುತ್ತಾರೆ.