ಕತ್ತಿಗೊಂದು ಒರೆ

ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ವಚನ ಸಾಹಿತ್ಯದ ಪಾಠ ನಡೆಯುತ್ತಿತ್ತು. ಶರಣರಲ್ಲಿ ಹಿರಿಯನಾದ ಮಾದಾರ ಚೆನ್ನಯ್ಯನ ಪ್ರಸ್ತಾಪ ಬಂತು. ಆತನ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗುಂಟ ಎಂಬ ಮೂರು ಉಪಕರಣಗಳ ಹೆಸರು ಸೇರಿಕೊಂಡಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅಡಿಗುಂಟ ಅಂದರೆ ಹೇಗಿರುತ್ತದೆ ಸಾರ್?” ಎಂದು ಕೇಳಿದ. “ಚರ್ಮದ ಕೆಲಸದವರ ಒಂದು ಸಲಕರಣೆ” ಎಂದು ಹೇಳಿ ಮುಂದಿನ ಮಾತಿಗೆ ಹೊರಳಿದೆ. ಉತ್ತರವೇನೋ ತಪ್ಪಲ್ಲ, ಆದರೆ ಹುಡುಗ ಕೇಳಿದ್ದು ಅದು ಹೇಗಿರುತ್ತದೆ ಎಂದು. ನಾನು ಅದನ್ನು ಕಂಡವನೇ ಅಲ್ಲ. ವರ್ಷವರ್ಷವೂ ಕಾಯಕದ ಮಹಿಮೆಯನ್ನು ಬೋಧಿಸುತ್ತಿದ್ದವನಿಗೆ ಕಾಯಕದ ಒಂದು ಕೊರಡಿನ ಪರಿಚಯವಿರಲಿಲ್ಲ.

ಆ ಪರಿಚಯ ದೊರೆತದ್ದು ಒಂದು ಚಿಕ್ಕ ಅವಘಡದಿಂದ. ಹಿತ್ತಲಿನ ಗಿಡಗಳಿಗೆ ಕಸಿ ಕಟ್ಟಲು ನನ್ನಲ್ಲೊಂದು ಹರಿತವಾದ ಚಾಕು ಇದೆ. ಅದನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಚೀಲದಲ್ಲಿಡುವುದು ವಾಡಿಕೆ. ಪೆನ್ಸಿಲು ಹುಡುಕಲು ಚೀಲಕ್ಕೆ ಕೈ ಹಾಕಿದ ಮಗಳ ಬೆರಳು ಸೀಳಿತು. ಮರುದಿನವೇ ಚಾಕನ್ನು ಹಿಡಿದುಕೊಂಡು, ನಮ್ಮ ಬೀದಿಯ ತಿರುವಿನಲ್ಲಿ ಹೊಂಗೆಮರದ ಕೆಳಗೆ ಕುಳಿತು ಮೆಟ್ಟು ಹೊಲಿಯುವ ಮುದುಕರ ಬಳಿಗೆ ಹೋದೆ. “ಯಜಮಾನರೇ, ಇದಕ್ಕೊಂದು ಒರೆ ಹೊಲಿದುಕೊಡಿ” ಎಂದೆ. ಅವರು ಚಾಕನ್ನು ತಿರುಗಿಸಿ ನೋಡಿ, “ಹೊಲಿದುಕೊಡ್ತೀನಿ ಮೇಷ್ಟ್ರೇ. ಆದರೆ ದಿನಾ ಹಿಡಿಯೋ ಕೈ ನಿಮ್ಮದು. ನೀವೇ ಯಾಕೆ ಹೊಲೀಬಾರದು?” ಎಂದರು. ಅವರ ಮಾತಿನಲ್ಲಿ ಪರಿಹಾಸ್ಯವಿತ್ತೋ ಆಹ್ವಾನವಿತ್ತೋ ತಿಳಿಯದು. ನಾನು ಆಹ್ವಾನವೆಂದೇ ಬಗೆದೆ.

ಒರೆ ಎಂಬ ಶಬ್ದ ನನಗೆ ಹೊಸದಲ್ಲ. ಹಳಗನ್ನಡದಲ್ಲಿ ಕತ್ತಿಯ ಒರೆಗೆ ಶಕಟರೇಫ, ಅದು ‘ಒಱೆ’. ಚಿನ್ನವನ್ನು ಉಜ್ಜಿ ನೋಡುವ ಒರೆಗೂ, ಹೇಳು ಎಂಬರ್ಥದ ಒರೆಗೂ ಸಾಮಾನ್ಯ ರೇಫ. ಶಕಟರೇಫ ಬಳಕೆ ತಪ್ಪಿದ ಮೇಲೆ ಮೂರೂ ಒಂದೇ ಉಡುಪು ತೊಟ್ಟುವು. ಈ ವಿವರವನ್ನು ಯಜಮಾನರಿಗೆ ಸಂಭ್ರಮದಿಂದ ಹೇಳಿದಾಗ ಅವರು ಸಾವಧಾನವಾಗಿ ಕೇಳಿ, “ಮೊದಲು ಚರ್ಮ ನೋಡೋಣ” ಎಂದರು.

ಚರ್ಮದ ಆಯ್ಕೆಯಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಹಸಿಯ ತೊಗಲು ಕೊಳೆಯದಂತೆ ಹದಮಾಡುವ ಮಾರ್ಗಗಳಲ್ಲಿ ಮುಖ್ಯವಾದವು ಎರಡು. ತಂಗಡಿ, ಜಾಲಿ ಮೊದಲಾದವುಗಳ ತೊಗಟೆ, ಅಳಲೆಕಾಯಿ ಇವುಗಳ ಒಗರು ರಸದಲ್ಲಿ ವಾರಗಟ್ಟಲೆ ನೆನೆಸಿ ಹದಮಾಡುವುದು ಹಳೆಯ ಮಾರ್ಗ. ಕ್ರೋಮಿಯಂ ಲವಣಗಳಿಂದ ಬೇಗನೆ ಹದಮಾಡುವುದು ಹೊಸದು. ಅಮೆರಿಕದಲ್ಲಿ ಅದಕ್ಕೆ 1884ರಲ್ಲಿ ಪೇಟೆಂಟು ದೊರೆಯಿತು. ಮದರಾಸಿನಲ್ಲಿ ಅದನ್ನು ರೂಢಿಗೆ ತರಲು ಶ್ರಮಿಸಿದ ಆಲ್‌ಫ್ರೆಡ್ ಚಾಟರ್‌ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದವರು. ಕ್ರೋಮ್ ಚರ್ಮ ಮೃದುವಾದದ್ದು, ಚೀಲಕ್ಕೂ ಬೂಟಿನ ಮೇಲುಭಾಗಕ್ಕೂ ಒಳ್ಳೆಯದು. ಒರೆಗೆ ಮಾತ್ರ ಸಲ್ಲದು: ಒತ್ತಿದ ಆಕಾರವನ್ನು ಅದು ಉಳಿಸಿಕೊಳ್ಳುವುದಿಲ್ಲ, ಅದರಲ್ಲಿ ಉಳಿದಿರಬಹುದಾದ ಲವಣಗಳು ಅಲಗಿಗೂ ಹಿತವಲ್ಲ. ತೊಗಟೆಯಲ್ಲಿ ಹದಗೊಂಡ ಚರ್ಮ ನೀರು ಕುಡಿದು ಮೆತ್ತಗಾಗಿ, ಒಣಗಿದಾಗ ಒತ್ತಿದ ರೂಪದಲ್ಲಿಯೇ ಗಡುಸಾಗಿ ನಿಲ್ಲುತ್ತದೆ. ಗುರುತಿಸುವುದು ಕಷ್ಟವಲ್ಲ. ಕತ್ತರಿಸಿದ ಅಂಚು ಒಳಗೂ ಹೊರಗೂ ಕಂದಾಗಿದ್ದರೆ ತೊಗಟೆಯ ಹದ. ನಡುವೆ ನೀಲಿಬೂದು ಗೆರೆ ಕಂಡರೆ ಕ್ರೋಮ್. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಸೇರಿ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಚರ್ಮ ಈ ಹಳೆಯ ಹದದ್ದೇ.

ದಪ್ಪ ಮೂರು ಮಿಲಿಮೀಟರಿನಷ್ಟಿದ್ದರೆ ಸಾಧಾರಣ ಚಾಕಿಗೆ ಸಾಕು. ಬೆನ್ನಿನ ಭಾಗದ ಚರ್ಮ ಬಿಗಿಯಾದದ್ದು. ಹೊಟ್ಟೆಯ ಭಾಗದ್ದು ಹಿಗ್ಗುವ ಸ್ವಭಾವದ್ದು, ಅದು ಬೇಡ. ಚರ್ಮಕ್ಕೆ ಕತ್ತರಿ ಹಾಕುವ ಮೊದಲು ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ಅಚ್ಚು ತೆಗೆಯಬೇಕು. ಹಾಳೆಯನ್ನು ಎರಡಾಗಿ ಮಡಿಸಿ, ಮಡಿಕೆಗೆ ಚಾಕಿನ ಬೆನ್ನು ತಾಗುವಂತೆ ಇಟ್ಟು, ಸುತ್ತ ಗೆರೆ ಎಳೆಯುವುದು. ಅಲಗಿನ ಬಾಯಿಯ ಕಡೆಗೆ ಸುಮಾರು ಒಂದೂವರೆ ಸೆಂಟಿಮೀಟರು ಹೆಚ್ಚಿಗೆ ಬಿಡಬೇಕು. ಹಿಡಿ ದಪ್ಪಗಿದ್ದು ಒರೆಯೊಳಗೆ ಸ್ವಲ್ಪ ಇಳಿಯುವುದಾದರೆ ಇನ್ನೂ ಹೆಚ್ಚು. ಕಾಗದ ಕೆಟ್ಟರೆ ನಷ್ಟವಿಲ್ಲ. ನಡುಪಟ್ಟಿಗೆ ಸಿಕ್ಕಿಸುವ ಕುಣಿಕೆಯನ್ನು ಒರೆ ಮಡಿಸುವ ಮೊದಲೇ ಹೊಲಿದುಬಿಡಬೇಕು. ಆಮೇಲೆ ಒಳಗೆ ಸೂಜಿ ಹೋಗದು. ಇದು ಅನುಭವದಿಂದ ಕಲಿತ ಪಾಠ.

ಅದಕ್ಕಿಂತ ಕಠಿಣವಾದ ಪಾಠ ಇನ್ನೊಂದು. ನನ್ನ ಮೊದಲ ಒರೆಯನ್ನು ಯಜಮಾನರಿಗೆ ತೋರಿಸದೆ, ಜಂಬದಿಂದ ಒಬ್ಬನೇ ಹೊಲಿದೆ. ಎರಡು ಅಂಚುಗಳನ್ನು ಕೂಡಿಸಿ ಹೊಲಿದರೆ ಮುಗಿಯಿತೆಂದು ನನ್ನ ತಿಳಿವಳಿಕೆ. ಮೂರು ವಾರ ಕಳೆಯುವಷ್ಟರಲ್ಲಿ ಚಾಕಿನ ಬಾಯಿ ಒಳಗಿನಿಂದಲೇ ದಾರವನ್ನು ಕೊಯ್ದು ಹೊರಕ್ಕೆ ಇಣುಕಿತು. ಯಾವ ಅಪಾಯವನ್ನು ತಡೆಯಲು ಹೊರಟಿದ್ದೆನೋ ಅದನ್ನೇ ಬಚ್ಚಿಟ್ಟುಕೊಂಡು ತಿರುಗುತ್ತಿದ್ದೆ. ಯಜಮಾನರು ನಗಲಿಲ್ಲ. ಒಂದು ಸೆಂಟಿಮೀಟರು ಅಗಲದ ಚರ್ಮದ ಪಟ್ಟಿಯೊಂದನ್ನು ಕತ್ತರಿಸಿ ಎರಡು ಅಂಚುಗಳ ನಡುವೆ ಇಟ್ಟು ತೋರಿಸಿದರು. ಅಲಗಿನ ಬಾಯಿ ಆ ಪಟ್ಟಿಯನ್ನು ಮುಟ್ಟುತ್ತದೆಯೇ ಹೊರತು ದಾರವನ್ನು ಮುಟ್ಟುವುದಿಲ್ಲ. “ಕತ್ತಿಗೆ ಕಡಿಯೋಕೆ ಏನಾದರೂ ಬೇಕಲ್ಲ ಮೇಷ್ಟ್ರೇ, ದಾರ ಕೊಡಬೇಡಿ, ಇದನ್ನ ಕೊಡಿ” ಎಂದರು. ಈ ಪಟ್ಟಿಯಿಲ್ಲದ ಒರೆಯನ್ನು ಯಾರೂ ಮಕ್ಕಳಿರುವ ಮನೆಯಲ್ಲಿ ಇಡಬಾರದು.

ಮೂರು ಪದರಗಳನ್ನೂ ಅಂಟಿನಿಂದ ಕೂಡಿಸಿ, ಅಂಚಿನಿಂದ ನಾಲ್ಕು ಮಿಲಿಮೀಟರು ಒಳಗೆ ಗೆರೆ ಕೊರೆದು, ಅದರ ಮೇಲೆ ನಾಲ್ಕು ನಾಲ್ಕು ಮಿಲಿಮೀಟರಿಗೊಂದು ಗುರುತು ಹಾಕಬೇಕು. ಉಳಿಯನ್ನು ನೆಟ್ಟಗೆ ಹಿಡಿದು ತೂತು ಮಾಡಬೇಕು. ಕೈ ಓರೆಯಾದರೆ ಹಿಂಬದಿಯ ಸಾಲು ಕುಡುಕನ ನಡಿಗೆಯಂತೆ ಕಾಣುತ್ತದೆ. ಜೇನುಮೇಣ ತಿಕ್ಕಿದ ಗಟ್ಟಿ ನೂಲನ್ನು ಹೊಲಿಗೆಯ ಉದ್ದದ ನಾಲ್ಕೈದು ಪಟ್ಟು ತೆಗೆದುಕೊಂಡು, ಎರಡು ತುದಿಗೂ ಒಂದೊಂದು ಸೂಜಿ ಪೋಣಿಸುವುದು. ಪ್ರತಿಯೊಂದು ತೂತಿನಲ್ಲಿಯೂ ಎಡದ ಸೂಜಿ ಬಲಕ್ಕೆ, ಬಲದ ಸೂಜಿ ಎಡಕ್ಕೆ ಹಾದು, ಎರಡು ಕೈಗಳೂ ಸಮನಾಗಿ ಜಗ್ಗಬೇಕು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ನಡುವೆ ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಕಡೆ ಕಡಿದರೆ ಸಾಲು ಸಡಿಲುತ್ತ ಹೋಗುತ್ತದೆ. ಈ ಕೈಹೊಲಿಗೆಯಲ್ಲಿ ಒಂದೆಳೆ ಹರಿದರೂ ಇನ್ನೊಂದೆಳೆ ಅದೇ ತೂತಿನಲ್ಲಿ ಹಿಡಿದು ನಿಲ್ಲುತ್ತದೆ. ಕೊನೆಯಲ್ಲಿ ಗಂಟು ಬೇಡ. ಎರಡು ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿದರೆ ಸಾಕು.

ಇನ್ನು ಒರೆಗೆ ಕತ್ತಿಯ ರೂಪವನ್ನು ಕೊಡುವುದು. ಉಗುರು ಬೆಚ್ಚಗಿನ ನೀರಿನಲ್ಲಿ ಒರೆಯನ್ನು ಮುಳುಗಿಸಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಅವು ನಿಂತೊಡನೆ ತೆಗೆಯಬೇಕು. ಚಾಕಿಗೆ ಎಣ್ಣೆ ಸವರಿ, ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗಿಟ್ಟು, ಚಮಚದ ಬೆನ್ನಿನಿಂದ ಹಿಡಿಯ ಸುತ್ತ ಒತ್ತುತ್ತ ಬಂದರೆ ಚರ್ಮ ಆ ಉಬ್ಬುತಗ್ಗುಗಳನ್ನು ತನ್ನದಾಗಿಸಿಕೊಳ್ಳುತ್ತದೆ. ಹಾಳೆ ಸುತ್ತುವುದನ್ನು ಮರೆತರೆ ಕಬ್ಬಿಣ ತಾಗಿದ ಕಡೆ ಚರ್ಮ ಕಪ್ಪಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಕಪ್ಪು ಶಾಯಿ ಮಾಡುತ್ತಿದ್ದ ನಮ್ಮ ಹಿರಿಯರ ರಸಾಯನವೇ ಇದು: ಒಗರು ಮತ್ತು ಕಬ್ಬಿಣ ಕೂಡಿದರೆ ಮಸಿ. ಒರೆಯನ್ನು ನೆರಳಿನಲ್ಲಿ ಒಂದು ದಿನವಾದರೂ ಒಣಗಿಸಬೇಕು. ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಹಸಿಯ ಚರ್ಮ ಮುರುಟಿ ಹಪ್ಪಳದಂತೆ ಸಿಡುಕಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಒಣಗಿದ ಮೇಲೆ ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ, ಸ್ವಲ್ಪ ತೇವಮಾಡಿ, ನುಣುಪಾದ ಮರದ ತುಂಡಿನಿಂದ ಉಜ್ಜಿದರೆ ಮೂರು ಪದರಗಳೂ ಒಂದಾಗಿ ಹೊಳೆಯುತ್ತವೆ. ಮೇಲೆ ತುಸು ಜೇನುಮೇಣ. ಎಣ್ಣೆಯಲ್ಲಿ ಔದಾರ್ಯ ಬೇಡ. ಒರೆ ಮೆತ್ತಗಾಗಿ ಬಿಗಿ ತಪ್ಪುತ್ತದೆ. ಹಾಸಿಗೆಯ ಮೇಲೆ ಒರೆಯನ್ನು ತಲೆಕೆಳಗಾಗಿ ಹಿಡಿದು ಮೆಲ್ಲನೆ ಅಲುಗಿಸಿದಾಗ ಚಾಕು ಜಾರದಿದ್ದರೆ ಕೆಲಸ ಗೆದ್ದಂತೆ. ಚಾಕನ್ನು ಹೊರತೆಗೆಯುವಾಗ ಹೊಲಿಗೆಯ ಅಂಚಿನ ಮೇಲೆ ಬೆರಳಿಡಬಾರದು. ತಿಂಗಳುಗಟ್ಟಲೆ ಬಳಸದ ಚಾಕನ್ನು ಒರೆಯಲ್ಲಿಯೇ ಬಿಡಬಾರದು. ಚರ್ಮ ಮಳೆಗಾಲದ ತೇವವನ್ನು ಹೀರಿ ಅಲಗಿಗೆ ತುಕ್ಕು ಹಿಡಿಸುತ್ತದೆ. ಕಾಯುವುದಕ್ಕೆಂದು ಮಾಡಿದ್ದೇ ಕೆಡಿಸುವುದುಂಟು.

ನಾನು ಈವರೆಗೆ ಹೊಲಿದ ಒರೆಗಳು ಐದು; ಅವುಗಳಲ್ಲಿ ನೋಡುವಂತಿರುವುವು ಎರಡು. ಮಗಳು ತನ್ನ ಬೆರಳಿನ ಗೆರೆಯನ್ನು ತೋರಿಸಿ, ಆ ಐದಕ್ಕೂ ತಾನೇ ಕಾರಣಳೆಂದು ಹೇಳಿಕೊಳ್ಳುತ್ತಾಳೆ. ಹೊಂಗೆಮರದ ಕೆಳಗೆ ಕುಳಿತಿದ್ದ ಆ ದಿನಗಳಲ್ಲಿ ಒಮ್ಮೆ, ಯಜಮಾನರು ಮೊಣಕಾಲುಗಳ ನಡುವೆ ಇಟ್ಟುಕೊಂಡಿದ್ದ ಮರದ ಕೊರಡನ್ನು ನನ್ನ ಕಡೆಗೆ ತಳ್ಳಿ, “ಅಡಿಗೆ ಇದನ್ನ ಇಟ್ಟುಕೊಳ್ಳಿ, ಉಳಿ ನೆಲಕ್ಕೆ ಹೊಡೀತದೆ” ಎಂದರು. ಸಾವಿರಾರು ಏಟುಗಳಿಂದ ಅದರ ನಡುಭಾಗ ತಗ್ಗಾಗಿತ್ತು. ಅಂಚು ಅಂಗೈ ತಾಗಿ ತಾಗಿ ನುಣುಪಾಗಿತ್ತು. ಅಡಿಯಲ್ಲಿರುವ ಕೊರಡು. ಹುಡುಗನ ಪ್ರಶ್ನೆಗೆ ಉತ್ತರ ನನ್ನ ತೊಡೆಯ ಮೇಲಿತ್ತು. ಆತ ಅಷ್ಟರಲ್ಲಿ ಪದವಿ ಮುಗಿಸಿ ಹೋಗಿದ್ದ. ಈಗ ಆ ಪಾಠ ಬಂದಾಗಲೆಲ್ಲ ನಾನು ಯಜಮಾನರಲ್ಲಿ ಬೇಡಿ ಆ ಕೊರಡನ್ನು ಒಂದು ದಿನದ ಮಟ್ಟಿಗೆ ತರುತ್ತೇನೆ. ಮೇಜಿನ ಮೇಲಿಟ್ಟು, ಹುಡುಗರೆಲ್ಲ ಅದನ್ನು ಒಮ್ಮೆ ಮುಟ್ಟಿ ನೋಡಿದ ಮೇಲೆಯೇ ಪುಸ್ತಕ ತೆರೆಯುತ್ತೇನೆ.