ಮಕ್ಕಳ ಚಿತ್ರಪುಸ್ತಕಗಳೂ ನಾಡಿನ ಚಿತ್ರಕಾರರೂ: ಇತಿಹಾಸದ ಅಭ್ಯಾಸಿಗಳಿಗೆ ಒಂದು ಸೂಚನೆ

ಇತಿಹಾಸದ ಅಭ್ಯಾಸಿಗೆ ಆಧಾರಗಳು ಎಷ್ಟು ಅವಶ್ಯವೋ ಕಲ್ಪನೆಯೂ ಅಷ್ಟೇ ಅವಶ್ಯ. ಶಾಸನದ ಹತ್ತು ಸಾಲುಗಳನ್ನು ಓದಿ ಮುಗಿಸಿದ ಮೇಲೂ ಆ ಸಾಲುಗಳ ಹಿಂದಿದ್ದ ಊರು, ಕೆರೆ, ದನಕರು, ಜನ ಇವು ಕಣ್ಣೆದುರಿಗೆ ಬಂದು ನಿಲ್ಲದಿದ್ದರೆ, ಆ ಓದು ಅಕ್ಷರಗಳಲ್ಲಿಯೇ ಉಳಿಯಿತೆನ್ನಬೇಕು. ಆದರೆ ಈ ಕಲ್ಪನೆ ನಮಗೆ ಎಲ್ಲಿಂದ ಬರುತ್ತದೆ? ನಮ್ಮ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಚಾಲುಕ್ಯ ದೊರೆಯೊಬ್ಬನ ಆಕಾರವನ್ನು ಮೊದಲು ಬರೆದವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಹೋಗಿ ತಲುಪಿದ್ದು ಶಾಸನಸಂಪುಟಗಳ ಕಪಾಟಿಗಲ್ಲ, ಮಕ್ಕಳ ಚಿತ್ರಪುಸ್ತಕಗಳ ಕಪಾಟಿಗೆ. ವಿದ್ವಾಂಸರು ಸಾಮಾನ್ಯವಾಗಿ ಕೈಯಿಕ್ಕದ ಈ ಸಾಮಗ್ರಿಯಿಂದ ನಮಗೆ ದೊರೆತ ಕೆಲವು ವಿಚಾರಗಳನ್ನೂ, ಊರಿನ ಚಿತ್ರಕಾರರೊಬ್ಬರ ಸಹವಾಸದಿಂದ ನಾವು ಕಲಿತ ಒಂದು ಪಾಠವನ್ನೂ ಇಲ್ಲಿ ವಾಚಕರ ಮುಂದಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಬಿ. ಎ. ತರಗತಿಯಲ್ಲಿ ಇಮ್ಮಡಿ ಪುಲಕೇಶಿಯ ಆಳಿಕೆಯನ್ನು (ಕ್ರಿ. ಶ. ೬೧೦–೬೪೨) ಕುರಿತು ಪಾಠ ಹೇಳುತ್ತಿದ್ದಾಗ, ಬಾದಾಮಿಯ ರಾಜಸಭೆಯನ್ನು ವರ್ಣಿಸಿ ಒಂದು ಪುಟ ಬರೆದು ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದ್ದೆವು. ಬಂದ ಬರಹಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಎತ್ತರವಾದ ಚಿನ್ನದ ಕಿರೀಟ, ಜರಿಯ ಅಂಗಿ, ಹೆಗಲಿನಿಂದ ಇಳಿಬಿದ್ದ ಕೆಂಪು ಶಾಲು, ಸಿಂಹದ ಮುಖವುಳ್ಳ ಗದ್ದುಗೆ, ಅಮೃತಶಿಲೆಯ ನುಣುಪಾದ ನೆಲ. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳ ಕೆಳಗೆ ಹುಟ್ಟಿ ಬೆಳೆದ ಹುಡುಗನೊಬ್ಬನು ಕೂಡ ಅಮೃತಶಿಲೆಯನ್ನೇ ಬರೆದಿದ್ದನು! ನಾವು ಮೊದಲು ಬೇಸರಪಟ್ಟೆವು. ಎರಡು ಮಾತು ಕಟುವಾಗಿಯೂ ಆಡಿದೆವು. ಆದರೆ ಮನೆಗೆ ಹೋಗಿ ಕಣ್ಣು ಮುಚ್ಚಿ ಕುಳಿತು ನೋಡಲಾಗಿ, ನಮಗೂ ಕಂಡದ್ದು ಅದೇ ಕಿರೀಟ, ಅದೇ ಶಾಲು. ಪಾಠ ಹೇಳುವವನ ಮನಸ್ಸಿನಲ್ಲಿಯೂ ಬಾಲ್ಯದಲ್ಲಿ ಕಂಡ ಚಿತ್ರವೇ ಆಳುತ್ತಿತ್ತು.

ಬಾದಾಮಿಯ ಶಿಲ್ಪಗಳು ಹೇಳುವುದು ಬೇರೆ. ಒಂದನೆಯ ಕೀರ್ತಿವರ್ಮನ ಕಾಲದಲ್ಲಿ, ಶಕ ೫೦೦ರಲ್ಲಿ, ಅಂದರೆ ಕ್ರಿ. ಶ. ೫೭೮ರಲ್ಲಿ ಸಿದ್ಧವಾದ ಮೂರನೆಯ ಗುಹಾಲಯದಲ್ಲಿ ಸ್ತ್ರೀಪುರುಷರ ಆಕೃತಿಗಳನ್ನು ನೋಡಿದರೆ, ಹೊಲಿದ ಅಂಗಿಗಿಂತ ಆಭರಣಗಳೂ ನಡುವಿಗೆ ಸುತ್ತಿದ ತೆಳುವಾದ ಬಟ್ಟೆಯೂ ಅವರ ಉಡುಗೆಯೆಂಬುದು ಸ್ಪಷ್ಟವಾಗುತ್ತದೆ. ಅಜಂತೆಯ ಮೊದಲನೆಯ ಗುಹೆಯ ಚಿತ್ರವೊಂದನ್ನು ಪಾರಸಿಕ ರಾಯಭಾರಿಗಳು ಪುಲಕೇಶಿಯ ಆಸ್ಥಾನಕ್ಕೆ ಬಂದ ಸಂದರ್ಭವೆಂದು ಹಿಂದಿನವರು ಗುರುತಿಸಿದ್ದರು. ಇಂದಿನ ವಿದ್ವಾಂಸರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ. ಆದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಆ ಚಿತ್ರ ಬಹುಕಾಲ ಬಾಳಿತು. ಒಮ್ಮೆ ಕಣ್ಣಿಗೆ ಬಿದ್ದ ಚಿತ್ರವನ್ನು ಅಡಿಟಿಪ್ಪಣಿಯಿಂದ ಅಳಿಸುವುದು ಸುಲಭವಲ್ಲ.

ಹಾಗಾದರೆ ಆ ಕಿರೀಟವೂ ಶಾಲೂ ಬಂದದ್ದೆಲ್ಲಿಂದ? ಅವುಗಳ ಮೂಲ ಭಾಗಶಃ ಕಂಪನಿ ನಾಟಕಗಳ ಉಡುಪಿನಲ್ಲಿಯೂ, ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರವಿವರ್ಮನ ಮುದ್ರಣಾಲಯದಿಂದ ಹೊರಟು ಮುಂಬಯಿ ಕರ್ನಾಟಕದ ಮನೆಮನೆಯ ಗೋಡೆಗೆ ಬಂದ ಬಣ್ಣದ ಪಟಗಳಲ್ಲಿಯೂ ಇದೆಯೆಂದು ತೋರುತ್ತದೆ. ಆದರೆ ಅವುಗಳನ್ನು ಮಕ್ಕಳ ಕೈಗೆ ತಿಂಗಳು ತಿಂಗಳೂ ಕೊಟ್ಟದ್ದು ‘ಚಂದಮಾಮ’. ೧೯೪೭ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ಈ ಪತ್ರಿಕೆ ೧೯೪೯ರಲ್ಲಿ ಕನ್ನಡಕ್ಕೆ ಬಂದಿತು. ಅದು ನಿಂತು ಈಗ ಒಂದು ದಶಕಕ್ಕೂ ಮಿಕ್ಕಿದೆ. ಅದರ ಮುಖಪುಟಗಳಲ್ಲಿ ಮಹಾಭಾರತದ ಪಾತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ಮೈಸೂರು ಸೀಮೆಯವರು. ಇವರ ರೇಖೆಯ ಬಿಗಿಯನ್ನೂ ವರ್ಣಗಳ ಸೌಷ್ಠವವನ್ನೂ ನಾವು ಕಡಿಮೆಯೆನ್ನುವವರಲ್ಲ. ನಮ್ಮ ತಲೆಮಾರಿನ ಹಿಂದಿನವರಲ್ಲಿ ಎಷ್ಟೋ ಜನ ಚಿತ್ರ ಬರೆಯಲು ಕಲಿತದ್ದೇ ಆ ಮುಖಪುಟಗಳ ಮೇಲೆ ತೆಳುಕಾಗದವಿಟ್ಟು.

ಇಲ್ಲಿ ಮುದ್ರಣದ ಒಂದು ಕಾರಣವನ್ನು ಗಮನಿಸುವುದು ಅವಶ್ಯ. ಬಣ್ಣದ ಚಿತ್ರವನ್ನು ಮುದ್ರಿಸುವಾಗ ಹಳದಿ, ಕೆಂಪು, ನೀಲಿ, ಕಪ್ಪು ಹೀಗೆ ನಾಲ್ಕು ಅಚ್ಚುಗಳು ಬೇಕು. ಖರ್ಚಿನ ಬಹುಪಾಲು ಇವುಗಳ ತಯಾರಿಕೆಗೇ ಹೋಗುತ್ತದೆ. ಆದುದರಿಂದ ಹಲವು ಭಾಷೆಗಳಲ್ಲಿ ಪುಸ್ತಕ ಹೊರಡಿಸುವವರು ಬಣ್ಣದ ಮೂರು ಅಚ್ಚುಗಳನ್ನು ಎಲ್ಲ ಭಾಷೆಗಳಿಗೂ ಒಂದೇ ಆಗಿ ಇಟ್ಟುಕೊಂಡು, ಅಕ್ಷರಗಳಿರುವ ಕಪ್ಪು ಅಚ್ಚನ್ನು ಮಾತ್ರ ಬದಲಿಸುತ್ತಾರೆ. ಪುಸ್ತಕ ಅಗ್ಗವಾಗುತ್ತದೆ, ಬಡ ಶಾಲೆಯ ಮಗುವಿಗೂ ಬಣ್ಣದ ಚಿತ್ರ ದೊರೆಯುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಹತ್ತು ಭಾಷೆಗಳ ಮಕ್ಕಳಿಗೆ ಒಪ್ಪುವ ಚಿತ್ರ ಯಾವ ಒಂದು ಊರಿಗೂ ಸೇರಿರಲಾರದು. ಅದರಲ್ಲಿನ ಮನೆಗೆ ನಮ್ಮ ಕಡೆಯ ಮಣ್ಣಿನ ಮಾಳಿಗೆಯಿರದು, ಹೊಲ ಎರೆಭೂಮಿಯಂತೆ ಕಪ್ಪಗಿರದು, ಹೆಂಗಸಿನ ಮೈಮೇಲೆ ಇಳಕಲ್ ಸೀರೆಯೂ ಖಣದ ಕುಪ್ಪಸವೂ ಇರವು. ಎಲ್ಲರಿಗೂ ಸೇರಿದ್ದಾಗಬೇಕೆಂಬ ನಿರ್ಬಂಧದಿಂದ ಯಾರಿಗೂ ಸೇರದ ಒಂದು ದೇಶವನ್ನು ಚಿತ್ರಕಾರ ಸೃಷ್ಟಿಸಬೇಕಾಯಿತು. ನಮ್ಮ ವಿದ್ಯಾರ್ಥಿಗಳ ಅಮೃತಶಿಲೆ ಬಂದದ್ದು ಆ ದೇಶದಿಂದ.

ಅಮರ ಚಿತ್ರಕಥಾ ಮಾಲೆಯ ಆರಂಭವೂ ಈ ದೃಷ್ಟಿಯಿಂದ ಕುತೂಹಲಕರವಾಗಿದೆ. ೧೯೬೫ರಲ್ಲಿ ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಇಂಡಿಯಾ ಬುಕ್ ಹೌಸ್ ಸಂಸ್ಥೆ ಈ ಮಾಲೆಯನ್ನು ಹೊರಡಿಸಿದ್ದು ಮೊದಲು ಕನ್ನಡದಲ್ಲಿ. ಆದರೆ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾ ಮುಂತಾದ ಪಾಶ್ಚಾತ್ಯ ಕಥೆಗಳು. ಮಾತು ಕನ್ನಡದ್ದು, ಚಿತ್ರ ಹೊರಗಿನದು. ಇದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ, ೧೯೩೬ರಲ್ಲಿ, ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಚಿತ್ರ ಸಂಪುಟಗಳನ್ನು ಸಾಹಸದಿಂದ ಹೊರತಂದಿದ್ದರು. ೧೯೨೧ರಲ್ಲಿ ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ್ದರು. ಮಾತಿನ ಮಟ್ಟಿಗೆ ಕನ್ನಡದ ಮಗು ಎಂದೋ ಸ್ವತಂತ್ರವಾಗಿತ್ತು. ಚಿತ್ರದ ಮಟ್ಟಿಗೆ ಅದು ಹೆಚ್ಚಾಗಿ ಎರವಲಿನ ಮೇಲೆಯೇ ಬೆಳೆಯಿತು.

ಚಿತ್ರದಲ್ಲಿ ಕಥೆ ಹೇಳುವ ವಿದ್ಯೆ ನಮ್ಮಲ್ಲಿ ಇರಲಿಲ್ಲವೆ? ಧಾರವಾಡದಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಪಟ್ಟದಕಲ್ಲಿಗೆ ಹೋದವರು ಹಾಗೆ ಹೇಳಲಾರರು. ಅಲ್ಲಿಯ ಎಂಟನೆಯ ಶತಮಾನದ ದೇವಾಲಯಗಳ ಕಂಬಗಳ ಮೇಲೆ ರಾಮಾಯಣ, ಭಾರತಗಳ ಸಂಗಡ ಪಂಚತಂತ್ರದ ಪ್ರಾಣಿಕಥೆಗಳೂ ಇವೆ. ಪಾಪನಾಥ ದೇವಾಲಯದ ಹೊರಗೋಡೆಯ ರಾಮಾಯಣದ ಫಲಕಗಳಲ್ಲಿ ಪಾತ್ರಗಳ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿ ಕೊರೆದಿದ್ದಾರೆ. ಚಿತ್ರ, ಅದರ ಬಳಿ ಹೆಸರು: ಮಕ್ಕಳ ಪುಸ್ತಕದ ಪುಟವೆಂದರೆ ಇದಲ್ಲದೆ ಮತ್ತೇನು? ಇನ್ನೂ ಒಂದು ಮಾತು. ಪಂಚತಂತ್ರವನ್ನು ಕನ್ನಡದಲ್ಲಿ ಮೊದಲು ಬರೆದ ದುರ್ಗಸಿಂಹನು (ಸು. ೧೦೩೧) ಕಿಸುಕಾಡುನಾಡಿನ ಸಯ್ಯಡಿಯವನು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಆ ನಾಡಿಗೆ ಕಿಸುಕಾಡೆಂಬ ಹೆಸರಿದ್ದುದು ಪ್ರಸಿದ್ಧವಾಗಿದೆ. ತಾನು ವಸುಭಾಗನ ಪಾಠವನ್ನು ಅನುಸರಿಸಿದೆನೆಂದು ಕವಿಯೇ ಹೇಳಿಕೊಂಡಿದ್ದಾನೆ. ಆದರೆ ಬಾಲ್ಯದಲ್ಲಿ ಅವನು ಆ ಕಂಬಗಳ ಮುಂದೆ ನಿಂತಿರಲಾರನೇ ಎಂದು ಊಹಿಸುವ ಸ್ವಾತಂತ್ರ್ಯ, ಪ್ರಮಾಣವಿಲ್ಲದಿದ್ದರೂ, ನಮಗೆ ಇರಲಿ.

ಆ ಶಿಲ್ಪಿಗಳ ಹೆಸರುಗಳೂ ನಮಗೆ ಗೊತ್ತು. ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಅನಿವಾರಿತಾಚಾರಿಯೆಂಬ ಬಿರುದಿನ ಗುಂಡನ ಹೆಸರೂ ಸರ್ವಸಿದ್ಧಿ ಆಚಾರಿಯ ಹೆಸರೂ ಇವೆ. ಪಾಪನಾಥದಲ್ಲಿ ರೇವಡಿ ಓವಜ್ಜನ ಹೆಸರಿದೆ. ಹನ್ನೆರಡು ಶತಮಾನಗಳ ತರುವಾಯ ಅಚ್ಚಾದ ಎಷ್ಟೋ ಕನ್ನಡ ಮಕ್ಕಳ ಪುಸ್ತಕಗಳಲ್ಲಿ ಲೇಖಕರ ಹೆಸರಿದೆ, ಪ್ರಕಾಶಕರ ಹೆಸರಿದೆ, ಮುದ್ರಕರ ವಿಳಾಸವೂ ಇದೆ, ಚಿತ್ರಕಾರರ ಹೆಸರಿಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ಲೋಪ ತಿದ್ದುತ್ತಿದೆ. ೨೦೦೪ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಪ್ರಥಮ್ ಬುಕ್ಸ್‌ನಂಥ ಸಂಸ್ಥೆಗಳು ಚಿತ್ರಕಾರರ ಹೆಸರನ್ನು ಲೇಖಕರ ಹೆಸರಿನೊಡನೆ ಮುದ್ರಿಸುತ್ತಿವೆ. ಆದರೆ ಹಳೆಯ ಪುಸ್ತಕಗಳ ಚಿತ್ರಕಾರರನ್ನು ಗುರುತಿಸುವ ಕೆಲಸ ಇನ್ನೂ ಉಳಿದಿದೆ. ಅವರನ್ನು ಕಂಡು ಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು ೧೯೩೫ರಲ್ಲಿ ತೆರೆದ ಚಿತ್ರಕಲಾ ಶಾಲೆಯಲ್ಲಿ ಕಲಿತು, ಈ ಭಾಗದ ಪ್ರೌಢಶಾಲೆಗಳಲ್ಲಿ ಚಿತ್ರಕಲೆಯ ಮಾಸ್ತರರಾಗಿ ಬಾಳನ್ನು ಸವೆಸಿದವರು ಅನೇಕರು. ಅವರ ಮನೆಗಳ ಅಟ್ಟದ ಮೇಲಿರುವ ಚಿತ್ರದ ಹಾಳೆಗಳು ನಮ್ಮ ವಿಷಯದ ದಾಖಲೆಗಳೇ ಆಗಿವೆ.

ಅಂಥ ನಿವೃತ್ತ ಮಾಸ್ತರರೊಬ್ಬರೊಡನೆ ನಾವು ನಡೆಸಿದ ಒಂದು ಸಣ್ಣ ಪ್ರಯತ್ನವನ್ನು ಇನ್ನು ಹೇಳಬಹುದು. ಧಾರವಾಡದ ಸಮೀಪದ ಹಳ್ಳಿಯೊಂದರಲ್ಲಿ ತುರುಗೋಳಿನ ವೀರಗಲ್ಲೊಂದಿದೆ. ಅದರ ಕಥೆಯನ್ನು ಆ ಊರಿನ ಕನ್ನಡ ಶಾಲೆಯ ಮಕ್ಕಳಿಗಾಗಿ ಚಿತ್ರಪುಸ್ತಕವಾಗಿ ಮಾಡಬೇಕೆಂದು ನಮ್ಮ ಮೂವರು ವಿದ್ಯಾರ್ಥಿಗಳು ಉತ್ಸಾಹಪಟ್ಟರು. ಶಾಸನದ ಪಡಿಯಚ್ಚು ನಮ್ಮಲ್ಲಿತ್ತು. ತಿಥಿ, ಅರಸನ ಹೆಸರು, ವೀರನ ಹೆಸರು ಎಲ್ಲವನ್ನೂ ಗುರುತು ಹಾಕಿಕೊಂಡಿದ್ದೆವು. ಮಾಸ್ತರರು ಎಲ್ಲವನ್ನೂ ಕೇಳಿ, “ದನ ಯಾವ ಕಡಿಗೆ ಮಾರಿ ಮಾಡ್ಯಾವ್ರಿ?” ಎಂದು ಒಂದೇ ಪ್ರಶ್ನೆ ಕೇಳಿದರು. ನಾವು ಮೂರು ಸಲ ಆ ಕಲ್ಲನ್ನು ನೋಡಿ ಬಂದವರು. ಉತ್ತರ ನಮಗೆ ಗೊತ್ತಿರಲಿಲ್ಲ.

ಅವರನ್ನೇ ಕರೆದುಕೊಂಡು ಮತ್ತೆ ಹೋದೆವು. ನಡುಹಗಲಿನ ನೇರ ಬೆಳಕಿನಲ್ಲಿ ತೆಳುಗೆತ್ತನೆ ಕಾಣದೆಂದು ಹೇಳಿ, ಅವರು ಬೆಳಗಿನ ಓರೆಬಿಸಿಲಿನಲ್ಲಿ ಕಲ್ಲಿನ ಮುಂದೆ ಕುಳಿತರು. ಪೆನ್ಸಿಲಿನಿಂದ ಬರೆಯತೊಡಗಿದ ಬಳಿಕ, ನಾವು ಬರಿಯ ಅಲಂಕಾರವೆಂದು ಬಿಟ್ಟಿದ್ದ ಕೆಳಗಿನ ಪಟ್ಟಿಕೆ ಒಂದೊಂದಾಗಿ ಬಾಯಿಬಿಟ್ಟಿತು. ದನಗಳು ಎರಡು ಸಾಲಾಗಿವೆ. ಅವು ಕಾಳಗಕ್ಕೆ ಬೆನ್ನು ಮಾಡಿ ನಡೆಯುತ್ತಿವೆ. ವೀರನು ದನಗಳಿಗೂ ಶತ್ರುಗಳಿಗೂ ನಡುವೆ ನಿಂತಿದ್ದಾನೆ. ಅಂದರೆ ದನಗಳನ್ನು ಬಿಡಿಸಿಕೊಂಡು ಊರ ಕಡೆಗೆ ಅಟ್ಟಿಯಾದ ಮೇಲೆ, ಬೆನ್ನಟ್ಟಿ ಬಂದವರನ್ನು ತಡೆಯುತ್ತ ಅವನು ಬಿದ್ದನೆಂದು ಶಿಲ್ಪಿ ಹೇಳುತ್ತಿರಬೇಕು. ‘ತುಱುವಂ ಮಗುೞ್ಚಿ’ ಎಂದು ಇಂಥ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತನ್ನು ನಾವು ರೂಢಿಯ ಮಾತೆಂದು ದಾಟಿಹೋಗುತ್ತೇವೆ. ಇಲ್ಲಿ ಅದು ಒಂದು ಸನ್ನಿವೇಶದ ಕ್ರಮವನ್ನೇ ಸೂಚಿಸುವಂತಿದೆ. ಒಂದು ಕಲ್ಲಿನಿಂದ ಸಿದ್ಧಾಂತ ಮಾಡುವುದು ತರವಲ್ಲ. ಎಲ್ಲ ತುರುಗೋಳಿನ ಕಲ್ಲುಗಳಲ್ಲಿಯೂ ದನಗಳ ಮುಖ ಒಂದೇ ದಿಕ್ಕಿಗಿದೆಯೇ, ಶಾಸನದ ಮಾತಿಗೂ ಅದಕ್ಕೂ ಹೊಂದಿಕೆಯಿದೆಯೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಈಗ ಹಳ್ಳಿಹಳ್ಳಿಗೆ ಹೋಗಿ ಪಟ್ಟಿ ಮಾಡುತ್ತಿದ್ದಾರೆ. ಚಿತ್ರ ಬರೆಯುವವನಿಗೆ ‘ಗೊತ್ತಿಲ್ಲ’ ಎಂದು ಖಾಲಿ ಬಿಡುವ ಅನುಕೂಲವಿಲ್ಲ. ಹಸುವನ್ನು ಬರೆಯಬೇಕಾದರೆ ಅದು ಎತ್ತಲೋ ಒಂದು ಕಡೆ ನೋಡಲೇಬೇಕು. ಸಂಶೋಧಕನಿಗೆ ಇಂಥ ಇಕ್ಕಟ್ಟು ಬಹಳ ಒಳ್ಳೆಯದು.

ಪುಸ್ತಕದ ಆಕಾರವೂ ಕಲ್ಲಿನಿಂದಲೇ ಬಂದಿತು. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಸನ್ನಿಧಿ. ಬಲದಿಂದ ಎಡಕ್ಕೆ ಮಗುಚುವ ಪುಟಗಳಲ್ಲಿ ಈ ಏರಿಕೆ ಕೆಡುತ್ತಿತ್ತು. ಆಗ ವಿದ್ಯಾರ್ಥಿನಿಯೊಬ್ಬಳು ಕಡತವನ್ನು ನೆನಪಿಸಿದಳು. ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ನಮ್ಮ ಹಳೆಯ ಲೆಕ್ಕಪುಸ್ತಕ ಅದು. ಅದೇ ರೀತಿ ಮಡಿಕೆಗಳನ್ನು ಮೇಲ್ಮುಖವಾಗಿ ಬಿಚ್ಚುತ್ತ ಹೋಗುವಂತೆ ಪುಸ್ತಕವನ್ನು ಮಾಡಿದೆವು. ನೆಲದ ಮೇಲಿಟ್ಟು ಬಿಚ್ಚಿದರೆ ಮಗುವಿನ ಎತ್ತರಕ್ಕೆ ವೀರಗಲ್ಲು ಎದ್ದು ನಿಲ್ಲುತ್ತದೆ.

ಅಲಂಕಾರದ ಅಂಚಿಗೆ ಕಸೂತಿಯ ಆನೆ, ತೇರು, ತುಳಸಿಕಟ್ಟೆಗಳನ್ನು ತೆಗೆದುಕೊಳ್ಳಬೇಕೆಂದು ನಾವೇ ಸೂಚಿಸಿದ್ದೆವು. ಮಾಸ್ತರರು ಒಪ್ಪಲಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತ್ಯ ಈ ನಾಲ್ಕು ಹೊಲಿಗೆಗಳೂ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥವು. ಕಸೂತಿಯ ಆನೆ ಹುಟ್ಟುವುದು ಆ ಎಣಿಕೆಯಿಂದ, ಕುಂಚದ ದುಂಡುಗೆರೆಯಿಂದಲ್ಲ. ಕುಂಚದಿಂದ ಅದನ್ನು ನಕಲು ಮಾಡಿದರೆ ಉಳಿಯುವುದು ಬರಿಯ ಗುರುತು ಎಂಬುದು ಅವರ ಅಭಿಪ್ರಾಯ. ನಾಡಿನ ಕಲೆಯಿಂದ ಸ್ಫೂರ್ತಿ ಪಡೆಯುವುದೆಂದರೆ ಅದರ ಆಕೃತಿಗಳನ್ನು ಕಿತ್ತು ಅಂಟಿಸುವುದೆಂದು ತಿಳಿದಿದ್ದ ನಮಗೆ ಈ ಮಾತು ತಕ್ಷಣ ರುಚಿಸಲಿಲ್ಲ. ಕೊನೆಗೆ ಅಂಚಿನ ಆನೆಗಳನ್ನು ಚೌಕುಳಿ ಕಾಗದದ ಮೇಲೆ ಮನೆಗಳನ್ನು ಎಣಿಸಿಯೇ ಬರೆಯಲಾಯಿತು. ಆ ಕೆಲಸಕ್ಕೆ ವಿದ್ಯಾರ್ಥಿನಿಯ ಅಜ್ಜಿಯವರೇ ಬಂದು ಕುಳಿತರು.

ಪುಸ್ತಕವನ್ನು ಶಾಲೆಯಲ್ಲಿ ಬಿಚ್ಚಿದ ದಿನ ನಮ್ಮ ವಿದ್ಯಾರ್ಥಿಗಳು ಶ್ರಮಪಟ್ಟು ಬರೆದ ಗದ್ಯವನ್ನು ಮಕ್ಕಳು ಕೇಳಲಿಲ್ಲವೆಂದೇ ಹೇಳಬೇಕು. ಅದು ನಮ್ಮ ಪ್ರಬಂಧಗಳಂತೆಯೇ ಭಾರವಾಗಿತ್ತು. ಅವರು ಚಿತ್ರದ ಮೇಲೆ ಬಾಗಿ ಹಸುಗಳನ್ನು ಎಣಿಸಿದರು. ಆಮೇಲೆ ಎರಡನೆಯ ತರಗತಿಯ ಹುಡುಗಿಯೊಬ್ಬಳು ಕಲ್ಲಿನಲ್ಲಿಯೂ ಇಷ್ಟೇ ಇವೆಯೋ ನೋಡಬೇಕೆಂದು ಹಟಹಿಡಿದಳು. ಎಲ್ಲರೂ ಗುಡಿಯ ಹಿಂದಿನ ಕಲ್ಲಿನ ಬಳಿಗೆ ಓಡಿದರು. ಮಾಸ್ತರರು ಹಿಂದಿನಿಂದ ಸಾವಕಾಶವಾಗಿ ಹೋದರು. ಕಲ್ಲಿನಲ್ಲಿ ಒಂದು ಕರು ಹೆಚ್ಚಾಗಿತ್ತು. ಎರಡನೆಯ ಸಾಲಿನ ಕೊನೆಯಲ್ಲಿ, ತಾಯ ಕಾಲುಗಳ ನಡುವೆ, ಸುಣ್ಣದ ಕಲೆಯ ಕೆಳಗಿದ್ದ ಅದನ್ನು ಮಾಸ್ತರರೂ ಕಂಡಿರಲಿಲ್ಲ. ಅವರು ಅಲ್ಲಿಯೇ ಕುಳಿತು ಪುಸ್ತಕದಲ್ಲಿ ಆ ಕರುವನ್ನು ಸೇರಿಸಿದರು. ಪಟ್ಟಿ ಮಾಡುವ ವಿದ್ಯಾರ್ಥಿಗಳ ನಮೂನೆಯಲ್ಲಿ ಕರುಗಳಿಗೆಂದು ಒಂದು ಅಂಕಣವನ್ನು ನಾವು ಆ ಸಂಜೆಯೇ ಹೊಸದಾಗಿ ಹಾಕಿದೆವು.