ಕಳವಳವೂ ತಪ್ಪಿಸಿಕೊಳ್ಳುವ ಅಭ್ಯಾಸವೂ

ಕಾಲೇಜಿನ ಅಧ್ಯಾಪಕರಲ್ಲಿ ಅನೇಕರಿಗೆ ಪರಿಚಿತವಾದ ಒಂದು ದೃಶ್ಯವಿದೆ. ವರ್ಷಾರಂಭದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಪಾಠ ಕೇಳುತ್ತಿದ್ದ ವಿದ್ಯಾರ್ಥಿಯೊಬ್ಬನು ಕ್ರಮೇಣ ಹಿಂದಿನ ಬೆಂಚಿಗೆ ಸರಿಯುತ್ತಾನೆ. ಕಿರುಪರೀಕ್ಷೆಯ ದಿನ ತಲೆನೋವೆಂದು ರಜೆಯ ಅರ್ಜಿ ಕಳುಹಿಸುತ್ತಾನೆ. ಕೊನೆಗೆ ಹಾಜರಿ ಕರೆಯುವಾಗ ಅವನ ಸಂಖ್ಯೆಗೆ ಉತ್ತರವೇ ಬರುವುದಿಲ್ಲ. ಇಂಥ ಒಬ್ಬನನ್ನು ನಾವೂ ಸೋಮಾರಿಯೆಂದು ಬಗೆದು, ಹಾಜರಿ ಸಾಲದವರ ಪಟ್ಟಿಗೆ ಸೇರಿಸಿ ಸುಮ್ಮನಾಗಿದ್ದೆವು. ಒಂದು ದಿನ ಅವನೇ ಬಂದು, “ಸಾರ್, ಮೂರು ಸಲ ಕೊಠಡಿಯ ಬಾಗಿಲವರೆಗೆ ಬಂದು ಹಿಂದಿರುಗಿದೆ” ಎಂದು ಹೇಳಿದಾಗ ನಮ್ಮ ತಪ್ಪು ನಮಗೆ ತಿಳಿಯಿತು.

ಕಳವಳವು ಸ್ವತಃ ರೋಗವಲ್ಲ. ಅಪಾಯವನ್ನು ಎದುರಿಸಲು ದೇಹವು ಮಾಡಿಕೊಳ್ಳುವ ಸಿದ್ಧತೆಯೇ ಅದು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸಿದ ಅಡ್ರಿನಲಿನ್ ರಕ್ತವನ್ನು ಸೇರುತ್ತದೆ. ಎದೆಬಡಿತ ಏರುತ್ತದೆ, ಉಸಿರು ವೇಗವಾಗುತ್ತದೆ, ಅಂಗೈ ಬೆವರುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಹಾವನ್ನು ಕಂಡು ಹಿಂದಕ್ಕೆ ನೆಗೆಯುವವನಿಗೆ ಇವೆಲ್ಲವೂ ಉಪಕಾರಕ. ಪ್ರಶ್ನೆಪತ್ರಿಕೆಯ ಮುಂದೆ ಕುಳಿತವನಿಗಾದರೋ ನೆಗೆಯಲು ಸ್ಥಳವಿಲ್ಲ. ಹಾಗೆಂದು ಕಳವಳವೇ ಇರಬಾರದೆಂದಲ್ಲ. 1908ರಲ್ಲಿ ಯೆರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ವಿದ್ವಾಂಸರು ಇಲಿಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟು ಎರಡು ಪೆಟ್ಟಿಗೆಗಳ ಭೇದವನ್ನು ಕಲಿಸಿದರು. ಸುಲಭವಾದ ಭೇದವನ್ನು ಇಲಿಗಳು ಬಲವಾದ ಆಘಾತದಲ್ಲಿಯೂ ಬೇಗನೆ ಕಲಿತವು. ಕಠಿನವಾದುದನ್ನು ಕಲಿಯಲು ಮಾತ್ರ ಆಘಾತವು ಮಿತವಾಗಿರಬೇಕಾಯಿತು. ಇಲಿಯಿಂದ ಮನುಷ್ಯನಿಗೆ ನೇರವಾಗಿ ಹಾರುವುದು ಸಾಹಸವೇ ಸರಿ. ಆದರೂ ಗಣಿತದ ಗಂಟೆಯಲ್ಲಿ ಗದರುವ ಅಧ್ಯಾಪಕರು ಈ ಪ್ರಯೋಗವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಕಳವಳವು ತೊಡಕಾಗಿ ನಿಲ್ಲುವುದು ಹೇಗೆ? ಇದಕ್ಕೆ ಮೌರರ್ 1947ರಲ್ಲಿ ಕೊಟ್ಟ ವಿವರಣೆ ಇಂದಿಗೂ ಉಪಯುಕ್ತವಾಗಿದೆ. ಭಯವು ಮೊದಲು ಸಾಹಚರ್ಯದಿಂದ ಹುಟ್ಟುತ್ತದೆ: ಒಮ್ಮೆ ತರಗತಿಯಲ್ಲಿ ಎಲ್ಲರೆದುರು ನಗೆಗೀಡಾದವನಿಗೆ ಆ ಕೊಠಡಿಯೇ ಭಯದ ಸೂಚನೆಯಾಗುತ್ತದೆ. ಎರಡನೆಯ ಹಂತ ಇದಕ್ಕಿಂತ ಮುಖ್ಯವಾದುದು. ಬಾಗಿಲಿನಿಂದ ಹಿಂದಿರುಗಿದ ಕ್ಷಣದಲ್ಲಿಯೇ ಎದೆಯ ಭಾರ ಇಳಿಯುತ್ತದೆ. ಆ ನೆಮ್ಮದಿಯೇ ಬಹುಮಾನ. ಬಹುಮಾನ ದೊರೆತ ಕ್ರಿಯೆ ಮರುದಿನ ಮತ್ತೆ ನಡೆಯುತ್ತದೆ. ಕೊಠಡಿಯೊಳಗೆ ಕುಳಿತಿದ್ದರೆ ಏನೂ ಆಗುತ್ತಿರಲಿಲ್ಲವೆಂಬುದನ್ನು ಕಲಿಯುವ ಅವಕಾಶವೇ ಅವನಿಗೆ ಸಿಗುವುದಿಲ್ಲ. “ಇವತ್ತೊಂದು ದಿನ ಬಿಡು, ಮನೆಯಲ್ಲಿಯೇ ಇರು” ಎನ್ನುವ ತಾಯಿಯ ಪ್ರೀತಿ ಕೂಡ ಇಲ್ಲಿ ಭಯದ ಪಕ್ಷವನ್ನೇ ವಹಿಸುತ್ತದೆ. ‘ಧೈರ್ಯವಾಗಿರು’ ಎಂಬ ಬರಿಯ ಉಪದೇಶವೂ ಫಲಕಾರಿಯಲ್ಲ. ಏಕೆಂದರೆ ಭಯವು ಕಲಿತದ್ದು ಅನುಭವದಿಂದ, ಮಾತಿನಿಂದಲ್ಲ.

ಪರಿಹಾರವೂ ಅನುಭವದ ದಾರಿಯಲ್ಲಿಯೇ ಇದೆ. 1924ರಲ್ಲಿ, ಎಂದರೆ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ ವರ್ಷದಲ್ಲಿಯೇ, ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದಳು. ಮಗು ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿರಿಸಿ, ದಿನದಿನಕ್ಕೆ ಹತ್ತಿರ ತಂದಳು. ಕಡೆಗೆ ಮಗು ಮೊಲವನ್ನು ಮುಟ್ಟಿ ಆಡುವಂತಾಯಿತು. ಮುಂದೆ ವೋಲ್ಪೆ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮೆಟ್ಟಿಲುಕ್ರಮಕ್ಕೆ ಒಂದು ವ್ಯವಸ್ಥಿತ ಚಿಕಿತ್ಸೆಯ ರೂಪ ಕೊಟ್ಟನು. ನಮ್ಮ ವಿದ್ಯಾರ್ಥಿಯ ವಿಷಯದಲ್ಲಿ ಮೊದಲ ಮೆಟ್ಟಿಲು ನಮ್ಮ ಕೋಣೆಯಲ್ಲಿ ಒಬ್ಬನೇ ಕುಳಿತು ಉತ್ತರ ಬರೆಯುವುದಾಗಿತ್ತು. ಆಮೇಲೆ ಇಬ್ಬರು ಗೆಳೆಯರೊಡನೆ. ಆಮೇಲೆ ತರಗತಿಯಲ್ಲಿ, ಬಾಗಿಲಿನ ಪಕ್ಕದ ಬೆಂಚಿನಲ್ಲಿ. ಒಂದು ಮೆಟ್ಟಿಲಿನಲ್ಲಿ ಎದೆಬಡಿತ ತಾನಾಗಿ ಇಳಿಯುವವರೆಗೆ ನಿಲ್ಲಬೇಕು. ಏರಿದ ಹೊತ್ತಿನಲ್ಲಿಯೇ ಎದ್ದು ಹೋದರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಒಳಗೆಳೆದ ಉಸಿರಿಗಿಂತ ಹೊರಬಿಡುವ ಉಸಿರನ್ನು ದೀರ್ಘವಾಗಿಸುವುದು ಆ ಹೊತ್ತಿಗೆ ಸಹಾಯಕ.

ಖಿನ್ನತೆಯ ರೀತಿ ಬೇರೆ. ಅಲ್ಲಿ ಭಯಕ್ಕಿಂತ ಹೆಚ್ಚಾಗಿ ರುಚಿಯ ನಾಶವಿದೆ. ಓದು, ಆಟ, ಹರಟೆ ಯಾವುದರಲ್ಲಿಯೂ ಮನಸ್ಸು ನಿಲ್ಲದು. ನಸುಕಿಗೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದು. ತಾನು ಯಾರಿಗೂ ಬೇಡವೆಂಬ ಎಣಿಕೆ. ಕೆಲಸಗಳನ್ನು ಬಿಟ್ಟಷ್ಟೂ ಸಂತೋಷದ ಸಂದರ್ಭಗಳು ಕಡಿಮೆಯಾಗಿ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಆದುದರಿಂದ ‘ಮನಸ್ಸು ಸರಿಹೋದ ಮೇಲೆ ಮಾಡುವೆ’ ಎಂಬ ಕ್ರಮವನ್ನು ತಿರುಗಿಸಿ, ಗೊತ್ತಾದ ವೇಳೆಗೆ ಒಂದು ಚಿಕ್ಕ ಕೆಲಸವನ್ನು, ಅರ್ಧ ಗಂಟೆಯ ನಡಿಗೆಯನ್ನಾದರೂ, ಮೊದಲು ಮಾಡುವಂತೆ ಚಿಕಿತ್ಸಕರು ಹೇಳುತ್ತಾರೆ. ನಮ್ಮ ಜನ ಇಂಥ ನೋವನ್ನು ‘ತಲೆ ಭಾರ’, ‘ಗ್ಯಾಸು’, ‘ನಿಶ್ಶಕ್ತಿ’ ಎಂದು ದೇಹದ ಭಾಷೆಯಲ್ಲಿ ಹೇಳುವುದೇ ಹೆಚ್ಚು. ಅದನ್ನು ನಟನೆಯೆನ್ನಲಾಗದು. ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ದೋಷಗಳೂ ಇದೇ ವೇಷದಲ್ಲಿ ಬರಬಹುದಾದುದರಿಂದ ವೈದ್ಯರ ಪರೀಕ್ಷೆ ಮೊದಲು ಆಗತಕ್ಕದ್ದು. ಈ ವಿಷಯಗಳನ್ನು ಕನ್ನಡದಲ್ಲಿ ಹೇಳಲು ಬಾರದೆಂಬ ಮಾತಿಗೆ ವೈದ್ಯರೂ ಹಾಸ್ಯಲೇಖಕರೂ ಆಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ವೇ ಉತ್ತರ, 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ದೊರೆತಿರಲಿಲ್ಲ. ಅಧ್ಯಾಪಕನು ವೈದ್ಯನಾಗಬೇಕಾಗಿಲ್ಲ. ಆದರೆ ಖಿನ್ನತೆಯ ಲಕ್ಷಣಗಳು ಎರಡು ವಾರ ಬಿಡದೆ ಕಂಡುಬಂದರೆ ವೈದ್ಯರಲ್ಲಿಗೆ ಕಳುಹಿಸುವುದು ಅವನ ಕೆಲಸ. ಔಷಧಿಯ ಗುಣ ಕಾಣಲು ಕೆಲವು ವಾರಗಳೇ ಬೇಕು. ನಾಲ್ಕು ದಿನ ನುಂಗಿ ನಿಲ್ಲಿಸುವವರಿಗೆ ಇದನ್ನು ಮೊದಲೇ ತಿಳಿಸಬೇಕು. ಬದುಕುವುದು ಬೇಡವೆನ್ನುವ ಮಾತು ಬಂದಲ್ಲಿ ಎರಡು ವಾರ ಕಾಯಲಾಗದು. ‘ಸಾಯುವ ಯೋಚನೆ ಬರುತ್ತದೆಯೆ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಹೆದರಿಕೆ ನಮ್ಮಲ್ಲಿ ವ್ಯಾಪಕವಾಗಿದೆ, ಅದಕ್ಕೆ ಆಧಾರವಿಲ್ಲ. ಕೇಳಿದ ಮೇಲೆ ಅವನನ್ನು ಒಬ್ಬನೇ ಬಿಡದೆ, ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಹಾಜರಿ ಪುಸ್ತಕದ ಒಳಹೊದಿಕೆಯ ಮೇಲೆ ನಾವು ಬರೆದಿಟ್ಟುಕೊಂಡಿದ್ದೇವೆ.